ಕಿವಿ ಮೆಷಿನ್ನಿಗೆ ಜಿಎಸ್‌ಟಿ ಇಲ್ಲ ಸ್ವಾಮಿ, ಇಲ್ಲ!

ಬೆಂಗಳೂರಲ್ಲಿ ಕಿವಿ ಮೆಷಿನ್ ತಗೊಳ್ಳೋಕೆ ಹೊರಟಿರೋರು ದಯವಿಟ್ಟು ಇದನ್ನ ಓದ್ಕೊಂಡು ಹೋಗಿ. ಹಿಯರಿಂಗ್ ಏಡ್‌ಗೆ ಜಿಎಸ್‌ಟಿ ಸೊನ್ನೆ. 5 ಅಲ್ಲ, 18 ಅಲ್ಲ, ಸೊನ್ನೆ. ಇದೊಂದು ಗೊತ್ತಿಲ್ಲದೆ 48,000 ರೂಪಾಯಿ ಕೈಯಾರೆ ಎಣಿಸಿ ಕೊಟ್ಟು ಬಂದಿದ್ದೀವಿ. ಅದೂ ಬಿಲ್ ಬೇಡ ಅಂತ ನಾವೇ ಒಪ್ಕೊಂಡು. ಬರೆಯೋಕೆ ನಾಚಿಕೆ ಆಗತ್ತೆ.

ಮೈನ್ ರೋಡ್ ಅಂಗಡಿ, ಬಾಗಿಲಲ್ಲಿ "ಉಚಿತ ಶ್ರವಣ ತಪಾಸಣೆ" ಬೋರ್ಡು. ಅಮ್ಮನ ಎರಡೂ ಕಿವಿಗೆ ಸೇರಿ 48,000 ಅಂತ ಮಾತಾಯ್ತು. ಕಾರ್ಡ್ ತೆಗೆದ ತಕ್ಷಣ ಶುರು: "ಮೇಡಂ, ಬಿಲ್ ಹಾಕಿದ್ರೆ 18 ಪರ್ಸೆಂಟ್ ಜಿಎಸ್‌ಟಿ ಬೀಳತ್ತೆ, 56,640 ಆಗತ್ತೆ. ಕ್ಯಾಶ್ ಕೊಡಿ, 48ಕ್ಕೇ ಮುಗಿಸ್ತೀನಿ." 8,640 ಉಳೀತು ಅಂತ ಎರಡು ಕಾರ್ಡಿಂದ ಎಟಿಎಂನಲ್ಲಿ ದುಡ್ಡು ತೆಗೆದದ್ದು. ಇಲ್ಲದ ತೆರಿಗೆ ಉಳಿಸಿಕೊಂಡ ಜಾಣರು ನಾವು!

ಕೈಗೆ ಸಿಕ್ಕಿದ್ದು ಒಂದು ಹಳದಿ ಚೀಟಿ. "ಹಿಯರಿಂಗ್ ಏಡ್ 1 ಜೊತೆ, ಪೇಯ್ಡ್." ಮಾಡೆಲ್ ಹೆಸರಿಲ್ಲ, ಸೀರಿಯಲ್ ನಂಬರ್ ಇಲ್ಲ, ಟೆಸ್ಟ್ ಮಾಡಿದವನ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಇಲ್ಲ. ಪ್ರತಿ ಮೆಷಿನ್ ಮೈಮೇಲೂ ಸೀರಿಯಲ್ ನಂಬರ್ ಇರತ್ತೆ, ಕೆಲವದರಲ್ಲಿ ಸೆಲ್ ಹಾಕೋ ಬಾಗಿಲ ಒಳಗೆ, ಸಾಸಿವೆಯಷ್ಟು ಅಕ್ಷರದಲ್ಲಿ. ಬಲಕ್ಕೊಂದು, ಎಡಕ್ಕೊಂದು. ಆ ಎರಡೂ ನಂಬರ್ ಡಬ್ಬಿ ಮೇಲೆ, ವಾರಂಟಿ ಕಾರ್ಡಲ್ಲಿ, ಬಿಲ್ಲಲ್ಲಿ ಒಂದೇ ಇರಬೇಕು.

ಹತ್ತು ದಿನ ಆದ್ಮೇಲೆ ಬೇರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ರ ತೋರಿಸಿದ್ವಿ. ಅವರು ಮೆಷಿನ್ನನ್ನ ಕಂಪ್ಯೂಟರಿಗೆ ಹಚ್ಚಿ ಡೇಟಾ ಲಾಗ್ ತೆಗೆದ್ರು. ಈಗಿನ ಡಿಜಿಟಲ್ ಮೆಷಿನ್‌ಗಳಲ್ಲಿ ಹೆಚ್ಚಿನವು ಎಷ್ಟು ಹೊತ್ತು ಆನ್ ಇದ್ದವು ಅನ್ನೋ ಲೆಕ್ಕ ಇಟ್ಕೊಳ್ತವೆ. ಸ್ಕ್ರೀನ್ ಮೇಲೆ 1,900 ಗಂಟೆ ಚಿಲ್ಲರೆ. ಹತ್ತು ದಿನ ಹಗಲೂ ರಾತ್ರಿ ಹಾಕ್ಕೊಂಡೇ ಇದ್ರೂ 240 ದಾಟಲ್ಲ! ಕಂಪನಿಯ ಸಹಾಯವಾಣಿಗೆ ಸೀರಿಯಲ್ ನಂಬರ್ ಹೇಳಿದ್ರೆ, ವಾರಂಟಿ ಶುರುವಾಗಿದ್ದೇ 14 ತಿಂಗಳ ಹಿಂದೆ. ಯಾರೋ ಹಾಕಿ ಬಿಟ್ಟ ಮೆಷಿನ್ನು, ಹೊಸ ಡಬ್ಬಿ.

ಅಂಗಡಿಯವನ ಉತ್ತರಗಳು ಕೇಳಿ. ಮೊದಲು: "ಫ್ಯಾಕ್ಟರೀಲಿ ಟೆಸ್ಟ್ ಮಾಡಿರ್ತಾರೆ ಮೇಡಂ." 1,900 ಗಂಟೆ ಟೆಸ್ಟು. ಆಮೇಲೆ: "ಬೇರೆ ಕಡೆ ಯಾಕೆ ಕನೆಕ್ಟ್ ಮಾಡಿಸಿದ್ರಿ? ವಾರಂಟಿ ಹೋಯ್ತು." ವಾಪಸ್ ತಗೊಳ್ಳಿ ಅಂದ್ರೆ: "ಕಿವಿಗೆ ಹಾಕೋ ಐಟಮ್ಮು, ಹೈಜೀನ್ ಪ್ರಾಬ್ಲಮ್ಮು." ಹೈಜೀನ್! ಯಾರ ಕಿವೀಲಿದ್ದದ್ದನ್ನ ನಮ್ಮಮ್ಮಂಗೆ ಹಾಕಿದ್ದು ಹಾಗಾದ್ರೆ? ಕೊನೆಗೆ ತಣ್ಣಗೆ ಕೇಳಿದ: "ನಮ್ಮಲ್ಲೇ ತಗೊಂಡ್ರಿ ಅನ್ನೋಕೆ ಬಿಲ್ ಇದ್ಯಾ?" ಅಲ್ಲಿಗೆ ನಮ್ಮ ಬಾಯಿ ಬಂದ್. ಆ 18 ಪರ್ಸೆಂಟ್ ನಾಟಕ ಆಡಿದ್ದೇ ಈ ಒಂದು ಪ್ರಶ್ನೆಗೋಸ್ಕರ.

ಟೆಸ್ಟೂ ಹಾಗೇ. ಫ್ಯಾನ್ ತಿರುಗ್ತಿದೆ, ಹೊರಗೆ ಬಸ್ಸು. ಅಂಥ ಗದ್ದಲದಲ್ಲಿ 250, 500 ಹರ್ಟ್ಸ್‌ನ, ಅಂದ್ರೆ ತಗ್ಗು ಸ್ವರದ, ಸಣ್ಣ ಸದ್ದು ಒಳ್ಳೇ ಕಿವಿಗೂ ಕೇಳಲ್ಲ. ಗ್ರಾಫಲ್ಲಿ ಇಲ್ಲದ ಕಿವುಡು ಬೀಳತ್ತೆ, ಅದನ್ನ ನಂಬಿ ಮೆಷಿನ್ ತಗ್ಗು ಸ್ವರದ ಸದ್ದನ್ನ ಏರಿಸತ್ತೆ. ಟ್ರಾಫಿಕ್ಕು ಗುಂಯ್ ಅನ್ನತ್ತೆ, ಸ್ವಂತ ದನಿ ಕೊಡದೊಳಗೆ ಮಾತಾಡಿದ ಹಾಗೆ, ಮಾತು ಮಾತ್ರ ಸ್ಪಷ್ಟ ಇಲ್ಲ. ಇದಕ್ಕೆ "ಮೂರು ತಿಂಗಳು ಹಾಕ್ಕೊಳ್ಲಿ, ಮೆದುಳು ಅಡ್ಜಸ್ಟ್ ಆಗತ್ತೆ" ಅಂತಾರೆ. ಮೆದುಳಿಗೆ ಸಮಯ ಬೇಕು ನಿಜ, ತಪ್ಪು ಪ್ರೋಗ್ರಾಮಿಗೆ ಅದು ಹೊಂದ್ಕೋಬೇಕಾಗಿಲ್ಲ. ಸೌಂಡ್‌ಪ್ರೂಫ್ ಕೋಣೆ ಇರಬೇಕು. ಕಿವಿ ಹಿಂದಿನ ಮೂಳೆ ಮೇಲೆ ಕಂಪನ ಕೊಡೋ ಉಪಕರಣ ಇಟ್ಟು ಮಾಡೋ ಬೋನ್ ಕಂಡಕ್ಷನ್ ಟೆಸ್ಟೂ ಆಗಬೇಕು, ಅದಿಲ್ಲದೆ ನರದ ತೊಂದರೆಯೋ, ಕಿವಿ ತಮಟೆ ಅಥವಾ ಗುಗ್ಗೆಯ ತೊಂದರೆಯೋ ತಿಳಿಯಲ್ಲ. ಬರೀ ಗುಗ್ಗೆ ಆಗಿದ್ರೆ ಮೆಷಿನ್ನೇ ಬೇಡ.

ಅದಕ್ಕೇ ಮೊದಲು ವಿಕ್ಟೋರಿಯಾ, ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್, ಯಾವುದಾದ್ರೂ ಸರ್ಕಾರಿ ಆಸ್ಪತ್ರೆಯ ಇಎನ್‌ಟಿಗೆ ತೋರಿಸಿ. ಎರಡೂ ಕಿವಿಯ ನಷ್ಟ 60 ಡೆಸಿಬೆಲ್ ಮುಟ್ಟಿದ್ರೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಅಂಗವೈಕಲ್ಯ 40 ಪರ್ಸೆಂಟ್ ಅಂತ ಬಂದ್ರೆ ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಎಡಿಪ್ ಯೋಜನೇಲಿ ಮೆಷಿನ್ ಸಿಗತ್ತೆ. ತಿಂಗಳ ಆದಾಯ 22,500ರವರೆಗೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. 60 ದಾಟಿದ ಬಿಪಿಎಲ್ ಹಿರಿಯರಿಗೆ ವಯೋಶ್ರೀ ಯೋಜನೆ ಇದೆ. ಪ್ರಮಾಣಪತ್ರಕ್ಕೆ ಸಾಲದಷ್ಟು ಕಿವುಡಿದ್ದು, ಅಂಗಡಿ ರೇಟು ಕೈಗೆಟುಕದೇ ಇದ್ರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ, ಅಲ್ಲಿ ಟೆಸ್ಟೂ ಸರಿಯಾಗಿ ಮಾಡ್ತಾರೆ, ಮೆಷಿನ್ನೂ ರಿಯಾಯಿತಿ ದರದಲ್ಲಿ ಸಿಗತ್ತೆ. ಬೆಳಿಗ್ಗೆ ರೈಲು ಹತ್ತಿದ್ರೆ ಆಯ್ತು. ಆನ್‌ಲೈನಲ್ಲಿ ಸಾವಿರ ರೂಪಾಯಿಗೆ ಮಾರೋದು ಬರೀ ಸದ್ದು ಜೋರು ಮಾಡೋ ಆಂಪ್ಲಿಫೈಯರು, ಬೇಡ.

ಅಂಗಡೀಲೇ ತಗೊಂಡ್ರೆ, ಮೆಷಿನ್ ಸೆಟ್ಟಿಂಗ್ ಬದಲಿಸೋ ಅವರ ಸಾಫ್ಟ್‌ವೇರ್ ಬೇರೆ ಕಡೆಯವರಿಗೂ ತೆರೆಯತ್ತಾ, ಲಾಕ್ ಮಾಡಿದಾರಾ ಅಂತ ಕೇಳಿ. ಟ್ರಯಲ್ ಎಷ್ಟು ದಿನ ಅಂತ ಬರೆಸ್ಕೊಳ್ಳಿ. ವಯಸ್ಸಾದೋರ ಬೆರಳಿಗೆ ಕಂದು ಸ್ಟಿಕ್ಕರಿನ 312 ಸೆಲ್ಲಿಗಿಂತ ಕಿತ್ತಳೆ ಸ್ಟಿಕ್ಕರಿನ 13 ಹಿಡಿಯೋಕೆ ಸುಲಭ, ಬಾಳಿಕೆಯೂ ಜಾಸ್ತಿ. ದುಡ್ಡು ಯುಪಿಐನಲ್ಲೇ ಕೊಡಿ. ಬಿಲ್, ಬಿಲ್, ಬಿಲ್.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗೆ ಶುಲ್ಕ ಇಲ್ಲ, ಅಲ್ಲಿಗೂ ಹೋಗ್ತೀವಿ. ಹಳದಿ ಚೀಟಿ, ಎಟಿಎಂ ಸ್ಟೇಟ್‌ಮೆಂಟು, ಆ 1,900 ಗಂಟೆಯ ಫೋಟೋ ಜೋಡಿಸಿ ಇಟ್ಟಿದ್ದೀನಿ. ಮೊನ್ನೆ ಅವನದೇ ವಾಟ್ಸಾಪ್ ಬಂತು: "ಹಳೇ ಮೆಷಿನ್ ತಂದುಕೊಟ್ರೆ 5,000 ಎಕ್ಸ್‌ಚೇಂಜ್ ಕೊಡ್ತೀನಿ ಮೇಡಂ." ಹಳೇ ಮೆಷಿನ್ ಅಂತ ಅವನೇ ಬರೆದಿದ್ದಾನೆ. ಅದನ್ನೂ ಪ್ರಿಂಟ್ ತೆಗೆಸಿದ್ದೀನಿ.