ನೇಪಾಳಕ್ಕೆ ಸ್ವಂತ ಕಾರಲ್ಲಿ ಹೊರಟಿದ್ದೀರಾ? ಮೊದಲು ಪಾಲಿಸಿ ತೆಗೆದು ನೋಡಿ

ಪಶುಪತಿನಾಥ, ಮುಕ್ತಿನಾಥ ಅಂತ ಕಾರಲ್ಲೇ ಹೊರಡೋರು ನಮ್ಮ ಕಡೆಯೂ ಇದ್ದಾರೆ. ಹೋಗಬೇಡಿ ಅನ್ನಲ್ಲ, ದಾರಿ ಚೆನ್ನಾಗೇ ಇದೆ. ಆದರೆ ನಮಗಾದದ್ದು ನಿಮಗಾಗಬಾರದು.

ಗೋರಖಪುರದಿಂದ ಸೋನೌಲಿ ಗಡಿ ದಾಟಿ ಪೋಖರಾ ಕಡೆ ಹೊರಟಿದ್ದೆವು. ಬುಟ್ವಲ್ ಆದ ಮೇಲೆ ಪಾಲ್ಪಾ ಘಾಟಿಯ ತಿರುವಿನಲ್ಲಿ ಎದುರಿಂದ ಬಂದ ಟಿಪ್ಪರ್ ಕಾರಿನ ಬಲಗಡೆಯನ್ನು ಉಜ್ಜಿಕೊಂಡು ಹೋಯಿತು, ನಿಲ್ಲಿಸಲೂ ಇಲ್ಲ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಎರಡು ಬಾಗಿಲು, ಒಂದು ಕನ್ನಡಿ ಹೋದವು. ಊರಿಗೆ ಬಂದು ಕ್ಲೇಮ್ ಹಾಕಿದರೆ ಬಂದ ಉತ್ತರ ಇಷ್ಟೇ: ಅಪಘಾತ ಭಾರತದ ಹೊರಗೆ ಆಗಿದೆ, ಹಣ ಬರಲ್ಲ.

ಹೊರಡೋ ಮುಂಚೆ ಇನ್ಶೂರೆನ್ಸ್ ಏಜೆಂಟರನ್ನು ಕೇಳಿಯೇ ಇದ್ದೆ. "ನೇಪಾಳ ಏನ್ ಫಾರಿನ್ನಾ ಸಾರ್? ಫುಲ್ ಇನ್ಶೂರೆನ್ಸ್ ಇದೆ, ಆರಾಮಾಗಿ ಹೋಗ್ಬನ್ನಿ" ಅಂದಿದ್ದರು. ಈಗ ಅವರು ಫೋನ್ ಎತ್ತಲ್ಲ. ಫೋನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ತರೋದು?

ಪಾಲಿಸಿಯಲ್ಲಿ 'ಜಿಯಾಗ್ರಫಿಕಲ್ ಏರಿಯಾ' ಅಂತ ಒಂದು ಕಲಂ ಇರುತ್ತೆ. ಅದರ ಮುಂದೆ 'ಇಂಡಿಯಾ' ಅಂತಷ್ಟೇ ಇದ್ದರೆ, ಝೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡೋ ಕವರ್) ಇರಲಿ ಇನ್ನೊಂದಿರಲಿ, ಗಡಿ ದಾಟಿದ ಮೇಲೆ ಅದು ಬರೀ ಕಾಗದ. ಇದಕ್ಕಂತಲೇ ಐಎಂಟಿ-1 ಅನ್ನೋ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸಿಕೊಳ್ಳೋ ಹೆಚ್ಚುವರಿ ಕಲಂ, ಇದೆ. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ವರೆಗೂ ಪಾಲಿಸಿಯನ್ನು ವಿಸ್ತರಿಸಿಕೊಳ್ಳಬಹುದು. (ಮಾಲ್ಡೀವ್ಸ್‌ಗೆ ಕಾರು ಯಾರು ಒಯ್ತಾರೋ!) ಮೋಟಾರ್ ಟ್ಯಾರಿಫ್‌ನಲ್ಲಿ, ಅಂದರೆ ವಾಹನ ವಿಮೆಯ ದರಪಟ್ಟಿಯಲ್ಲಿ, ಪ್ಯಾಕೇಜ್ ಪಾಲಿಸಿಗೆ (ನಾವು ಫುಲ್ ಇನ್ಶೂರೆನ್ಸ್ ಅನ್ನೋದು) ಇದರ ದರ 500 ರೂಪಾಯಿ. ಬರೀ ಐನೂರು! ಏಜೆಂಟರಿಗೆ ಬಿಡದೆ ಕಂಪನಿಗೇ ಮೇಲ್ ಹಾಕಿ, ಎಂಡಾರ್ಸ್‌ಮೆಂಟ್ ಆದ ಪ್ರತಿ ಕೈಗೆ ಬಂದ ಮೇಲೆ ಹೊರಡಿ. ನಮ್ಮದು ತಗಡಿನ ನಷ್ಟ. ಅಲ್ಲಿ ಯಾರಿಗಾದರೂ ಗಾಡಿ ತಾಗಿ, ಪರಿಹಾರ ಪೂರ್ತಿ ಜೇಬಿಂದ ಕೊಡಬೇಕಾಗಿ ಬಂದಿದ್ದರೆ ಏನು ಗತಿ ಅಂತ ಯೋಚಿಸಿ.

ಇನ್ನು ಗಡಿಯಲ್ಲಿ ಮಾಡಿಸೋ ಭನ್ಸಾರ್, ಅಂದರೆ ಇಂತಿಷ್ಟು ದಿನಕ್ಕೆ ಅಂತ ಕೊಡೋ ಗಾಡಿಯ ಕಸ್ಟಮ್ಸ್ ರಸೀದಿ. ಕಾರು ನಿಲ್ಲಿಸೋದೇ ತಡ, "ಹತ್ತು ನಿಮಿಷದಲ್ಲಿ ಮಾಡಿಸ್ತೀನಿ" ಅಂತ ದಲ್ಲಾಳಿಗಳು ಮುತ್ತಿಕೊಳ್ತಾರೆ. ಅಲ್ಲಿ ಐಸಿ, ಎನ್‌ಸಿ ಅಂತ ಎರಡು ಮಾತು ಓಡಾಡುತ್ತೆ: ಇಂಡಿಯನ್ ಕರೆನ್ಸಿ, ನೇಪಾಳಿ ಕರೆನ್ಸಿ. ನಮ್ಮ 100 ರೂಪಾಯಿಗೆ ಅವರ 160. ರಸೀದಿಯಲ್ಲಿರೋದು ಎನ್‌ಸಿ, ನಮಗೆ ಸಿಕ್ಕ ದಲ್ಲಾಳಿ ಅದೇ ಅಂಕಿಯನ್ನು ಐಸಿಯಲ್ಲಿ ವಸೂಲಿ ಮಾಡಿದ. ಅದಾದರೂ ಹೋಗಲಿ, ಕೇಳಿದ್ದಕ್ಕಿಂತ ಕಡಿಮೆ ದಿನಕ್ಕೆ ಬರೆಸಿದ್ದ. ತಾರೀಖು ಇರೋದು ನೇಪಾಳದ ವಿಕ್ರಮ ಶಕೆಯಲ್ಲಿ, ನಮ್ಮ ಇಸವಿಗಿಂತ ಸುಮಾರು 57 ವರ್ಷ ಮುಂದೆ. ಮೇಲ್ನೋಟಕ್ಕೆ ಗೊತ್ತಾಗೋದಾದರೂ ಹೇಗೆ? ದಾರಿಯಲ್ಲಿ ಪೊಲೀಸರು ನೋಡಿ ಹೇಳಿದಾಗಲೇ ತಿಳಿದದ್ದು, ದಂಡವೂ ಬಿತ್ತು. ಕೌಂಟರ್‌ಗೆ ನೀವೇ ಹೋಗಿ, ಎಲ್ಲಿಂದ ಎಲ್ಲಿವರೆಗೆ ಅಂತ ಓದಿಸಿಕೊಳ್ಳಿ. ಒಂದು ಗಾಡಿಗೆ ಅವರ ಆರ್ಥಿಕ ವರ್ಷದಲ್ಲಿ ಒಟ್ಟು 30 ದಿನ ಮಾತ್ರ. ಆ ವರ್ಷ ಶುರುವಾಗೋದು ಜುಲೈ ಮಧ್ಯಕ್ಕೆ.

ಡಿಜಿಲಾಕರ್ ನಂಬಬೇಡಿ, ಆರ್‌ಸಿ, ಡಿಎಲ್ ಒರಿಜಿನಲ್ ಇರಲಿ. ಗಾಡಿ ಬೇರೆಯವರ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಗುರುತಿಗೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಆಧಾರ್ ನಡೆಯೋದು 15ರೊಳಗಿನ ಮಕ್ಕಳಿಗೆ, 65 ದಾಟಿದವರಿಗೆ ಮಾತ್ರ.