ಆತ್ಮರಕ್ಷಣೆಗೆ ಮಡಚುವ ಚಾಕು: ಕೊಳ್ಳುವ ಮುನ್ನ

ಜೇಬಿನಲ್ಲಿಟ್ಟುಕೊಳ್ಳಬಹುದಾದ ಮಡಚುವ ಚಾಕುಗಳನ್ನು ಎಷ್ಟೋ ಮಾರಾಟಗಾರರು ಆತ್ಮರಕ್ಷಣೆಯ ಸಾಧನವೆಂದೇ ಬಿಂಬಿಸುತ್ತಾರೆ. ಹಗ್ಗ ಕೊಯ್ಯುವುದಕ್ಕೆ, ಪೊಟ್ಟಣ ಬಿಡಿಸುವುದಕ್ಕೆ ಇವುಗಳಷ್ಟು ಕೈಗೊದಗುವ ಉಪಕರಣ ಅಪರೂಪ. ಆ ಕೆಲಸಗಳಿಗೆ ನಾನು ಇವನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಆದರೆ ಪ್ರಾಣ ಉಳಿಸೀತೆಂಬ ಭರವಸೆಯಿಂದ ಕೊಳ್ಳುವವರಿಗೆ ಇದು ತಕ್ಕ ವಸ್ತುವಲ್ಲ.

ಮೊದಲ ತೊಡಕು ತೆರೆಯುವುದರಲ್ಲೇ ಇದೆ. 1981ರಲ್ಲಿ ಸ್ಪೈಡರ್ಕೊ ಕಂಪನಿಯು ಅಲಗಿನಲ್ಲಿ ದುಂಡನೆಯ ರಂಧ್ರವಿರುವ, ಜೇಬಿಗೆ ಸಿಕ್ಕಿಸುವ ಕ್ಲಿಪ್ ಇರುವ ಚಾಕುವನ್ನು ಹೊರತಂದ ಮೇಲೆ ಒಂದೇ ಕೈಯಿಂದ ಅಲಗು ಬಿಚ್ಚುವುದು ಸುಲಭವಾಯಿತು. ಮುಂದೆ ಅಮೆರಿಕದ ಚಾಕು ತಯಾರಕ ಅರ್ನೆಸ್ಟ್ ಎಮರ್ಸನ್ ರೂಪಿಸಿದ, ಅಲಗಿನ ಬೆನ್ನಿನಲ್ಲಿರುವ ಕೊಕ್ಕೆಯು ಜೇಬಿನ ಅಂಚಿಗೆ ತಗಲಿ, ಚಾಕುವನ್ನು ಹೊರಗೆಳೆಯುವಾಗಲೇ ಅಲಗು ತೆರೆದುಕೊಳ್ಳುವಂತೆ ಮಾಡಿತು. ಇವೆರಡೂ ಜಾಣ ವಿನ್ಯಾಸಗಳೇ. ಆದರೂ ಭಯದಿಂದ ಅಡ್ರಿನಲಿನ್ ಏರಿ ಕೈ ನಡುಗುವಾಗ ಬೆರಳುಗಳ ನಾಜೂಕಿನ ಚಲನೆಯೇ ಮೊದಲು ಕೈಕೊಡುತ್ತದೆ. ಅಮೆರಿಕದ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನದ ಪ್ರಕಾರ, 21 ಅಡಿ ದೂರದಲ್ಲಿ ನಿಂತ ವ್ಯಕ್ತಿ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿಬಂದು ಮೇಲೆ ಬೀಳಬಲ್ಲ. ನಿಜವಾದ ಹಲ್ಲೆಗಳು ಅದಕ್ಕಿಂತ ಎಷ್ಟೋ ಹತ್ತಿರದಿಂದ ಶುರುವಾಗುತ್ತವೆ. ಆಗ ಎದುರಾಳಿಯನ್ನು ತಳ್ಳಿ ಬಿಡಿಸಿಕೊಳ್ಳಲು ಬೇಕಾದ ಕೈ ಜೇಬಿನಲ್ಲಿ ಚಾಕು ಹುಡುಕುತ್ತಿರುತ್ತದೆ.

ಇನ್ನು ತೆರೆದ ಅಲಗನ್ನು ಮಡಚದಂತೆ ಹಿಡಿದಿಡುವ ಬೀಗದ ಮಾತು. ಹಿಡಿಯೊಳಗಿನ ತೆಳು ಲೋಹದ ಪಟ್ಟಿಯೊಂದು ಅಲಗಿನ ಬುಡಕ್ಕೆ ಆನಿಸಿ ನಿಲ್ಲುವ ಲೈನರ್ ಲಾಕ್ ದಿನಬಳಕೆಗೆ ಸಾಕು. ಆದರೆ ಜೇಬಿನ ದೂಳು ಸೇರಿದ್ದರೆ ಅಥವಾ ಹಿಡಿತ ತಿರುಚಿಕೊಂಡರೆ ಅದು ಜಾರುವ ಸಾಧ್ಯತೆ ಇದ್ದೇ ಇದೆ, ಜಾರಿದರೆ ಅಲಗು ಮಡಚಿಕೊಳ್ಳುವುದು ಬಳಸುವವರ ಬೆರಳಿನ ಮೇಲೆಯೇ. ಮಡಚದ ಚಾಕುವಿಗೆ ಈ ದೋಷವಿಲ್ಲ, ಆದರೆ ಅದನ್ನು ಸದಾ ಜೊತೆಗಿಟ್ಟುಕೊಳ್ಳುವುದು ಕಷ್ಟ.

ನನ್ನ ಮುಖ್ಯ ಆಕ್ಷೇಪ ಬೇರೆಯೇ. ಚಾಕು ಕೆಲಸ ಮಾಡುವುದು ಎದುರಾಳಿಯ ಕೈಗೆ ನಾವೂ ಸಿಗುವಷ್ಟು ಸಮೀಪದಲ್ಲಿ ಮಾತ್ರ. ಅದರಿಂದ ಗಾಯಗೊಂಡವನು ತಕ್ಷಣ ನಿಲ್ಲುತ್ತಾನೆಂಬ ಖಾತರಿಯೂ ಇಲ್ಲ. ಗಾಯದ ಅರಿವೇ ಇಲ್ಲದೆ ಹಲ್ಲೆ ಮುಂದುವರಿಸಬಹುದು, ಚಾಕುವನ್ನೇ ಕಸಿದುಕೊಳ್ಳಬಹುದು, ಆಮೇಲೆ ಆ ಗಾಯದಿಂದಲೇ ಸಾಯಲೂಬಹುದು. ಅಂದರೆ ಅಪಾಯದ ಕ್ಷಣದಲ್ಲಿ ರಕ್ಷಣೆ ಸಿಗದೆ, ಅದು ಕಳೆದ ಮೇಲೆ ಕೊಲೆ ಆರೋಪ ಮಾತ್ರ ಉಳಿಯುವ ಸಂಭವವಿದೆ. ಅಲಗಿನ ಉದ್ದ, ಬೀಗದ ಬಗೆ, ಜೊತೆಗಿಟ್ಟುಕೊಳ್ಳುವ ಉದ್ದೇಶ ಇವುಗಳ ಬಗ್ಗೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನಿದ್ದು, ಆತ್ಮರಕ್ಷಣೆಗೆಂದು ಹೇಳುವುದೇ ಕೆಲವೆಡೆ ಅಪರಾಧಕ್ಕೆ ಪುರಾವೆಯಾಗುತ್ತದೆ.

ಕಾನೂನು ಒಪ್ಪುವಲ್ಲಿ ಪೆಪ್ಪರ್ ಸ್ಪ್ರೇ ಕೆಲವು ಅಡಿಗಳ ಅಂತರ ಉಳಿಸಿಕೊಡುತ್ತದೆ, ಎದುರುಗಾಳಿಯಲ್ಲಿ ನಮ್ಮ ಕಣ್ಣಿಗೇ ಬೀಳಬಹುದೆಂಬುದು ಅದರ ಕೊರತೆ. ಗುಂಡಿ ಒತ್ತಿದರೆ ಕಿರುಚುವ ಅಲಾರಂ ಯಾರನ್ನೂ ಗಾಯಗೊಳಿಸದೆ ಸುತ್ತಲಿನವರ ಗಮನ ಸೆಳೆಯುತ್ತದೆ, ಓಡಿ ಪಾರಾಗಲು ಎರಡು ಕೈಗಳನ್ನೂ ಬಹುಮಟ್ಟಿಗೆ ಖಾಲಿ ಬಿಡುತ್ತದೆ. ಚಾಕುವಿಗೆ ಮೀಸಲಿಟ್ಟ ಹಣವನ್ನು ನಾನಾದರೆ ಈ ಅಲಾರಂಗೂ, ಹಿಡಿತ ಬಿಡಿಸಿಕೊಂಡು ಓಡುವುದನ್ನು ಕಲಿಸುವ ಒಳ್ಳೆಯ ತರಬೇತಿಗೂ ಹಾಕುತ್ತೇನೆ.