ಒಂದೇ ಮದುವೆಗೆ ಮೂರು ತಾರೀಖು: ಚಂದಾ ತಾಣ, ಉಚಿತ ಸೂಚಿ, ಮೂಲ ಪುಟ

ನನ್ನ ಪತಿಯ ಮನೆತನ ಸ್ಕಾಟ್ಲೆಂಡಿನ ಡಂಡೀ ಊರಿನದು. ಅತ್ತೆಯವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅವರ ವಂಶವೃಕ್ಷವನ್ನು ಬರೆದು, ಚೌಕಟ್ಟು ಹಾಕಿಸಿ ಕೊಡಬೇಕೆಂದುಕೊಂಡಿದ್ದೆ. ದೊಡ್ಡ ಮೊತ್ತ ಖರ್ಚಾದದ್ದು ಉಪಯೋಗಕ್ಕೆ ಬಾರದ ಕಡೆ. ಕೈಹಿಡಿದದ್ದು ಸರ್ಕಾರದ ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲಿ ಒಂದೂವರೆ ಪೌಂಡಿಗೆ ಒಂದರಂತೆ ಕೊಂಡ, ಹಳೆಯ ದಾಖಲೆಗಳ ನಾಲ್ಕು ಮೂಲ ಪುಟಗಳ ಚಿತ್ರಗಳು.

ಮೊದಲು ಸೇರಿದ್ದು ಆರು ತಿಂಗಳ ಚಂದಾ ಕಟ್ಟಿಸಿಕೊಳ್ಳುವ ಒಂದು ಖಾಸಗಿ ತಾಣಕ್ಕೆ. ಅರ್ಧ ಗಂಟೆಯಲ್ಲಿ ಏಳು ತಲೆಮಾರು ಸಿದ್ಧ! ಬೇರೆ ಸದಸ್ಯರು ಕಟ್ಟಿದ ವೃಕ್ಷದಿಂದ ಒಂದು ಕೊಂಬೆಯನ್ನು ತೆಗೆದು ನಮ್ಮದಕ್ಕೆ ಸೇರಿಸಿಕೊಳ್ಳುವ ವ್ಯವಸ್ಥೆ ಅದು. ಹಾಗೆ ಬಂದ ಕೊಂಬೆಯಲ್ಲಿ ಅತ್ತೆಯವರ ಮುತ್ತಜ್ಜನ ತಂದೆಗೆ ಮೂರು ಮದುವೆ: 1837ರಲ್ಲಿ ಒಂದು, 1838ರ ನವೆಂಬರ್ 17ರಂದು ಡಂಡೀಯಲ್ಲಿ ಒಂದು, ಅದೇ ತಿಂಗಳ 30ರಂದು ಆರ್ಬ್ರೋತ್ ಎಂಬ ಊರಿನಲ್ಲಿ ಇನ್ನೊಂದು. ಮೂವರು ಹೆಂಡತಿಯರಿಗೂ ಒಂದೇ ಹೆಸರು. ಹದಿಮೂರು ದಿನಗಳಲ್ಲಿ ಒಬ್ಬಳು ತೀರಿಕೊಂಡು, ಅದೇ ಹೆಸರಿನ ಮತ್ತೊಬ್ಬಳು ಮನೆ ತುಂಬಿದಳೆಂದು ಹೇಗೆ ನಂಬುವುದು? ಇದೇ ತಪ್ಪು 14 ವೃಕ್ಷಗಳಲ್ಲಿ ಚಾಚೂ ತಪ್ಪದೆ ಇತ್ತು. ಆಧಾರವೇನೆಂದು ಹುಡುಕಿದರೆ ಪ್ರತಿಯೊಂದೂ ಇನ್ನೊಂದು ವೃಕ್ಷದತ್ತ ಬೆರಳು ತೋರಿಸುತ್ತಿತ್ತು. ಸರ್ಕಾರದ ಜನನ, ಮದುವೆ, ಮರಣ ನೋಂದಣಿಯ ಪುಟಗಳ ಚಿತ್ರ ಅಲ್ಲಿ ಇಲ್ಲವೇ ಇಲ್ಲ ಎಂಬುದು ಹಣ ಕಟ್ಟಿದ ಮೇಲೆ ತಿಳಿಯಿತು.

ಹಳೆಯ ದಾಖಲೆಗಳಲ್ಲಿನ ಹೆಸರು, ಊರು, ತಾರೀಖುಗಳನ್ನಷ್ಟೇ ಪಟ್ಟಿ ಮಾಡಿ ಕೊಡುವ ಉಚಿತ ಸೂಚಿ ಇದಕ್ಕಿಂತ ಪ್ರಾಮಾಣಿಕ. ಯಾವ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ), ಯಾವ ವರ್ಷ ಎಂಬ ಜಾಡು ಹಿಡಿಯಲು ನಾನು ಈಗಲೂ ಅದನ್ನೇ ತೆರೆಯುತ್ತೇನೆ. ಆದರೆ ಡಂಡೀ, ಆರ್ಬ್ರೋತ್ ಎರಡೂ ನಮೂದುಗಳಿಗೆ ಅದು 'ಮದುವೆ' ಎಂಬ ಒಂದೇ ಪದ ಹಾಕಿತ್ತು. ಗೊಂದಲದ ಬೇರು ಇದ್ದದ್ದು ಅಲ್ಲಿ.

1855ರ ಜನವರಿ 1ರಿಂದ ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಕಡ್ಡಾಯವಾಯಿತು. ಅದಕ್ಕೂ ಹಿಂದಿನದ್ದು ಹೆಚ್ಚಾಗಿ ಚರ್ಚ್ ಆಫ್ ಸ್ಕಾಟ್ಲೆಂಡಿನ ಹಳೆಯ ಪ್ಯಾರಿಷ್ ದಫ್ತರಗಳಲ್ಲಿದೆ. ಮದುವೆಗೆ ಮುನ್ನ ಚರ್ಚಿನಲ್ಲಿ ಜೋಡಿಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕಿತ್ತು. ಗಂಡು ಒಂದು ಪ್ಯಾರಿಷ್, ಹೆಣ್ಣು ಇನ್ನೊಂದು ಪ್ಯಾರಿಷ್ ಆದರೆ ಎರಡು ಕಡೆಯೂ ಕೂಗು, ಎರಡು ಕಡೆಯೂ ಬರಹ. ಕೆಲವು ಗುಮಾಸ್ತರು ಕೂಗಿಗೆ ಹೆಸರು ಕೊಟ್ಟ ದಿನವನ್ನಷ್ಟೇ ಬರೆದರು, ಕೆಲವರು ಮದುವೆಯಾದ ದಿನವನ್ನೂ ಸೇರಿಸಿದರು. ನಿಶ್ಚಿತಾರ್ಥದ ತಾರೀಖನ್ನು ಒಂದು ಕಡೆ, ಧಾರೆಯ ತಾರೀಖನ್ನು ಇನ್ನೊಂದು ಕಡೆ ಬರೆದಿಟ್ಟು, ನೂರೆಂಬತ್ತು ವರ್ಷಗಳ ನಂತರ ಯಾರೋ ಎರಡನ್ನೂ ಮದುವೆಯೆಂದು ಎಣಿಸಿದರೆ ಏನಾಗುತ್ತದೋ ಇಲ್ಲಿ ಆದದ್ದೂ ಅದೇ.

ಮೂಲ ಪುಟವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಡಂಡೀಯ ನಮೂದಿನಲ್ಲಿ ಹುಡುಗ ಹಿಲ್‌ಟೌನ್ ಬೀದಿಯ ನೇಕಾರ, ಹುಡುಗಿ ಆರ್ಬ್ರೋತ್ ನಿವಾಸಿ ಎಂದಿತ್ತು. ಕೂಗಿಗೆ ಹೆಸರು ಬರೆಸಿದರೆಂದು ಹೇಳಿ ಬರಹ ಅಲ್ಲಿಗೇ ನಿಲ್ಲುತ್ತದೆ. ಆರ್ಬ್ರೋತ್‌ನ ಪುಟದಲ್ಲಿ ಅದೇ ಹುಡುಗ, ಅದೇ ಹಿಲ್‌ಟೌನ್, ಅದೇ ಕಸುಬು, ಕೊನೆಯಲ್ಲಿ ಮದುವೆ ಮಾಡಿಸಿದ ಪಾದ್ರಿಯ ಹೆಸರು. ಎರಡೂ ಒಂದೇ ಮದುವೆಯ ಬರಹ ಎನ್ನಲು ಆ ಒಂದು ಸಾಲು ಸಾಕಾಯಿತು. ಅವನ ಹೆಸರು ಅಲ್ಲಿ ನಮ್ಮ ಮಂಜುನಾಥನಷ್ಟೇ ಸಾಮಾನ್ಯ. ಕಸುಬು ಮತ್ತು ಬೀದಿ ಹೊಂದದೆ ಹೋಗಿದ್ದರೆ ನಾನು ಒಪ್ಪುತ್ತಿರಲಿಲ್ಲ.

1837 ಮಾತ್ರ ಉಳಿಯಿತು. ಅದು ಬಂದದ್ದು ಕಿರಿಯ ಮಗನ, ಅಂದರೆ ಅತ್ತೆಯವರ ಮುತ್ತಜ್ಜನ, 1855ರ ಜನನ ದಾಖಲೆಯಿಂದ. ಆ ಒಂದು ವರ್ಷದ ಪುಟ ಸಂಶೋಧಕರಿಗೆ ನಿಧಿ: ತಂದೆತಾಯಿಯ ವಯಸ್ಸು, ಹುಟ್ಟೂರು, ಮದುವೆಯಾದ ವರ್ಷ ಮತ್ತು ಊರು, ಇತರ ಮಕ್ಕಳ ವಿವರ ಎಲ್ಲವೂ ಇವೆ. ಬರೆಯುವವರಿಗೆ ಹೊರೆಯಾಯಿತೆಂದು ಮರುವರ್ಷವೇ ಕಡಿತ ಮಾಡಿದರು. ತಂದೆತಾಯಿಯ ಮದುವೆಯ ವಿವರ ಜನನ ಪುಟಕ್ಕೆ ಮರಳಿದ್ದು 1861ರಲ್ಲಿ. ಆದರೆ ಈ ವರ್ಷವನ್ನು ಹೇಳಿದವರು ತಂದೆತಾಯಿಯೇ ಹೊರತು ದಫ್ತರವಲ್ಲ. ಅವರು ಒಂದು ವರ್ಷ ಹಿಂದಕ್ಕೆ ಏಕೆ ಹೇಳಿದರು?

ಉತ್ತರ ಸಿಕ್ಕಿದ್ದು ಸ್ಕಾಟ್ಲೆಂಡ್ಸ್‌ಪೀಪಲ್ ತಾಣದಲ್ಲೇ ಪುಕ್ಕಟೆಯಾಗಿ ಓದಬಹುದಾದ ಚರ್ಚ್ ಪಂಚಾಯಿತಿಯ, ಅಲ್ಲಿನವರು ಕಿರ್ಕ್ ಸೆಷನ್ ಎನ್ನುವ ಸಭೆಯ, ನಡಾವಳಿಯಲ್ಲಿ. ಹೆಸರು ಕೊಟ್ಟು ಹುಡುಕುವ ಅನುಕೂಲ ನನಗೆ ಸಿಗಲಿಲ್ಲ. ನಾಲ್ಕು ಸಂಜೆ ಪುಟ ಪುಟ ತಿರುವಿದೆ. 1838ರ ಏಪ್ರಿಲ್‌ನ ಒಂದು ಪುಟದಲ್ಲಿ ಇಬ್ಬರೂ ಸಭೆಯ ಮುಂದೆ ನಿಂತು, ಹುಟ್ಟಿದ ಹೆಣ್ಣುಮಗು ತಮ್ಮದೆಂದು ಒಪ್ಪಿಕೊಂಡು, ಛೀಮಾರಿ ಕೇಳಿ, ಮಗುವಿನ ದೀಕ್ಷಾಸ್ನಾನಕ್ಕೆ ಅನುಮತಿ ಪಡೆದಿದ್ದರು. ಸ್ಕಾಟ್ಲೆಂಡಿನ ಆಗಿನ ಕಾನೂನಿನಲ್ಲಿ ತಂದೆತಾಯಿ ಆಮೇಲೆ ಮದುವೆಯಾದರೂ ಮಗು ಸಕ್ರಮವೇ. ಆದರೂ ಹದಿನೇಳು ವರ್ಷಗಳ ನಂತರ ನೋಂದಣಿ ಅಧಿಕಾರಿಯ ಮುಂದೆ, ಹಿರಿಮಗಳಿಗಾಗಿ ಮದುವೆಯನ್ನು ಒಂದು ವರ್ಷ ಹಿಂದಕ್ಕೆ ಸರಿಸಿದ್ದಾರೆ ಎಂದೇ ನನ್ನ ಊಹೆ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಸಂಜೆ.

ಖರ್ಚಿನ ಮಾತು. ಸ್ಕಾಟ್ಲೆಂಡ್ಸ್‌ಪೀಪಲ್‌ನಲ್ಲಿ ಪುಟ ತೆರೆಯಲು ಮೊದಲು ಕ್ರೆಡಿಟ್ ಕೊಳ್ಳಬೇಕು; ನಾನು ಕೊಂಡಾಗ 30 ಕ್ರೆಡಿಟ್‌ಗೆ ಏಳೂವರೆ ಪೌಂಡ್, ಒಂದು ಚಿತ್ರಕ್ಕೆ 6 ಕ್ರೆಡಿಟ್. ಡಂಡೀ, ಆರ್ಬ್ರೋತ್, 1855ರ ಜನನ, ಹಿರಿಮಗಳ ದೀಕ್ಷಾಸ್ನಾನ ಸೇರಿ ನಾಲ್ಕು ಪುಟಕ್ಕೆ ಆರು ಪೌಂಡ್. ಒಂದೊಂದು ಪುಟವನ್ನೂ ಯೋಚಿಸಿ ಕೊಳ್ಳುವ, ರಾತ್ರಿ ಊಟದ ನಂತರ ಓದುವ ನನ್ನಂಥವರಿಗೆ ಇದೇ ಸರಿ. ಒಟ್ಟಿಗೆ ಐವತ್ತು ಪುಟ ನೋಡಬೇಕಾದವರು ಎಡಿನ್‌ಬರೋದ ಸರ್ಕಾರಿ ದಾಖಲೆ ಕಚೇರಿಯಾದ ಜನರಲ್ ರಿಜಿಸ್ಟರ್ ಹೌಸ್‌ನಲ್ಲಿ ದಿನದ ಶುಲ್ಕ ಕೊಟ್ಟು ಕೂರುವುದು ಲಾಭ. ಅಲ್ಲಿ ಪುಟದ ಲೆಕ್ಕವಿಲ್ಲ.

ಚರ್ಚ್ ದಫ್ತರದಲ್ಲಿ ಹೆಸರಿಲ್ಲವೆಂದು ಮದುವೆಯೇ ಆಗಿಲ್ಲ ಎನ್ನಬೇಡಿ. 1843ರಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಒಡೆದು, ಎಷ್ಟೋ ಕುಟುಂಬಗಳು ಅದರಿಂದ ಬೇರೆಯಾದ ಫ್ರೀ ಚರ್ಚಿಗೆ ಹೋದವು. ಸಾಕ್ಷಿಗಳ ಮುಂದೆ ಪರಸ್ಪರ ಒಪ್ಪಿಗೆ ಹೇಳಿ ಆಗುವ ಮದುವೆಯೂ 1940ರವರೆಗೆ ಸಿಂಧುವಾಗಿತ್ತು.

ಚಂದಾವನ್ನು ನವೀಕರಿಸಲಿಲ್ಲ. ಚೌಕಟ್ಟು ಹಾಕಿಸುವ ಮೊದಲು ಏಪ್ರಿಲ್‌ನ ಆ ಪುಟವನ್ನು ಅತ್ತೆಯವರಿಗೆ ತೋರಿಸಿದೆ. ತೋರಿಸದೆ ಬರೆಯಲು ಮನಸ್ಸು ಬರಲಿಲ್ಲ. ಅವರು ಕನ್ನಡಕ ಸರಿಪಡಿಸಿಕೊಂಡು ಎರಡು ಬಾರಿ ಓದಿದರು. "ಮದುವೆಯ ತಾರೀಖು ಇದ್ದದ್ದು ಇದ್ದ ಹಾಗೆಯೇ ಇರಲಿ. ಮಕ್ಕಳ ಸಾಲಿನಲ್ಲಿ ಆ ಹುಡುಗಿಯ ಹೆಸರನ್ನು ಮೊದಲು ಬರೆ" ಎಂದರು.